36 ಅಂದರೆ ಯಾವುದರ 36?

(ಮಂಡ್ಯದಲ್ಲಿ ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಟೇಪು ಹಿಡಿದು ತೋರಿಸಿದ್ದನ್ನು ಓದಿಗೆ ಒಗ್ಗುವಂತೆ ಅಲ್ಲಲ್ಲಿ ಬಿಡಿಸಿ ಬರೆದಿದೆ.)

ಮಂಡ್ಯದ ವಿ.ವಿ. ರಸ್ತೆಯಲ್ಲಾಗಲಿ, ಮೈಸೂರಿನ ದೇವರಾಜ ಅರಸು ರಸ್ತೆಯ ಆಸುಪಾಸಿನಲ್ಲಾಗಲಿ, ಬ್ರಾ ಕೊಳ್ಳಲು ಒಳ ಉಡುಪಿನ ಅಂಗಡಿಗೆ ಹೋದ ಹೆಂಗಸಿಗೆ ಎದುರಾಗುವ ಮೊದಲ ಪ್ರಶ್ನೆ "ಸೈಜ್ ಎಷ್ಟಮ್ಮ?" ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ನಮ್ಮ ದನಿ ತಗ್ಗುತ್ತದೆ. 34 ಅಂತಲೋ 36 ಅಂತಲೋ ಒಂದು ಅಂಕಿ ಹೇಳಿ, ಡಬ್ಬಿ ಬಿಚ್ಚಿಯೂ ನೋಡದೆ ಚೀಲಕ್ಕೆ ಹಾಕಿಕೊಂಡು ಬರುತ್ತೇವೆ. ಮನೆಯಲ್ಲಿ ಹಾಕಿಕೊಂಡರೆ ಬೆನ್ನ ಪಟ್ಟಿ ಮೇಲೇರುತ್ತದೆ, ಹೆಗಲಲ್ಲಿ ಗೀರು ಬೀಳುತ್ತದೆ, ಕಂಕುಳಲ್ಲಿ ಉಜ್ಜುತ್ತದೆ. "ನನ್ನ ಮೈಯೇ ಹಿಂಗೆ" ಅಂದುಕೊಂಡು ವರ್ಷಗಟ್ಟಲೆ ಅದರಲ್ಲೇ ದಿನ ದೂಡುವವರು ಬಹಳ ಮಂದಿ. ಮೈಯಲ್ಲಿ ಯಾವ ತಪ್ಪೂ ಇಲ್ಲ, ಹೇಳಿದ ಅಂಕಿಯಲ್ಲಿ ತಪ್ಪಿದೆ. ಒಂದು ಟೇಪು, ಒಂದು ಕನ್ನಡಿ, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇದ್ದರೆ ಆ ತಪ್ಪನ್ನು ಇವತ್ತೇ ಹಿಡಿಯಬಹುದು.

ಆ ಅಂಕಿ ನಮಗೆ ಬಂದದ್ದು ಎಲ್ಲಿಂದ? ಬಹುತೇಕ ದರ್ಜಿಯಿಂದ. ರವಿಕೆ ಹೊಲಿಸುವಾಗ ದರ್ಜಿ ಎದೆಯ ತುಂಬಿದ ಭಾಗದ ಸುತ್ತ ಟೇಪು ಹಿಡಿದು 36 ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನಾವು ಅದನ್ನೇ ನೆನಪಿಟ್ಟುಕೊಂಡು ಬ್ರಾ ಅಂಗಡಿಯಲ್ಲೂ ಹೇಳುತ್ತೇವೆ. ಬ್ರಾದ ಡಬ್ಬಿಯ ಮೇಲಿನ 36 ಪಟ್ಟಿಯ ಅಂಕಿ. ಸ್ತನದ ಕೆಳಗೆ, ಪಕ್ಕೆಲುಬಿನ ಸುತ್ತ ಕೂರುವ ಪಟ್ಟಿ ಅದು. ರವಿಕೆಯ 36 ಬೇರೆ ಜಾಗದ ಅಳತೆ. ರವಿಕೆ 36 ಇರುವ ಒಬ್ಬಳ ಕೆಳಸುತ್ತು, ಅಂದರೆ ಸ್ತನದ ಕೆಳಗಿನ ಸುತ್ತಳತೆ, 29 ಇಂಚು ಇರಬಹುದು, ಅದೇ 36ರ ಇನ್ನೊಬ್ಬಳದ್ದು 33 ಇರಬಹುದು. ಇಬ್ಬರಿಗೂ ಒಂದೇ ಡಬ್ಬಿ ಕೊಟ್ಟರೆ ಒಬ್ಬಳಿಗಾದರೂ ಅದು ಆಗಿಬರುವುದಿಲ್ಲ.

ಪಟ್ಟಿಗೆ ಇಷ್ಟು ಮಹತ್ವ ಏಕೆ ಎಂಬುದನ್ನು ಮೊದಲು ನೋಡೋಣ. ಸ್ತನದೊಳಗೆ ಅದನ್ನು ಎತ್ತಿ ಹಿಡಿಯುವ ಸ್ನಾಯುವಿಲ್ಲ. ಕೊಬ್ಬು, ಹಾಲಿನ ಗ್ರಂಥಿ, ನಡುವೆ ಹೆಣೆದುಕೊಂಡ ತೆಳ್ಳನೆಯ ನಾರಿನ ಎಳೆಗಳು, ಮೇಲೆ ಚರ್ಮ, ಇಷ್ಟೇ. 1840ರಲ್ಲಿ ಸ್ತನದ ಅಂಗರಚನೆಯ ಬಗ್ಗೆ ಬರೆದ ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಹೆಸರಿನಲ್ಲೇ ಆ ಎಳೆಗಳನ್ನು ವೈದ್ಯರು ಇಂದಿಗೂ ಕರೆಯುತ್ತಾರೆ. ಹಾಗಾಗಿ ಭಾರವನ್ನು ಹೊರಗಿನಿಂದಲೇ ಹೊರಬೇಕು. ಹೊರುವ ಕೆಲಸದ ಬಹುಪಾಲು ಎದೆಯ ಸುತ್ತ ಬಿಗಿಯಾಗಿ ನಿಂತ ಪಟ್ಟಿಯದು. ಹೆಗಲ ಸ್ಟ್ರಾಪಿನ ಕೆಲಸ ಕಪ್ಪಿನ (ಸ್ತನ ಕೂರುವ ಬಟ್ಟಲಿನ) ಮೇಲಂಚನ್ನು ಮೈಗೆ ಅಂಟಿಕೊಂಡಂತೆ ಇಡುವುದು. ಸೊಂಟದ ಮೇಲೆ ಕೂತ ಕೊಡಕ್ಕೂ ಕೈಯಲ್ಲಿ ಜೋತುಬಿದ್ದ ಕೊಡಕ್ಕೂ ಇರುವಷ್ಟು ವ್ಯತ್ಯಾಸ ಇಲ್ಲಿದೆ. ಪಟ್ಟಿ ಸಡಿಲವಾದರೆ ಇಡೀ ಭಾರ ಹೆಗಲಿಗೆ ಬೀಳುತ್ತದೆ. ಆಗ ನಾವು ಸ್ಟ್ರಾಪನ್ನು ಇನ್ನಷ್ಟು ಬಿಗಿ ಮಾಡುತ್ತೇವೆ. ಬಿಗಿಯಾದ ಸ್ಟ್ರಾಪು ಹಿಂದಿನ ಪಟ್ಟಿಯನ್ನು ಮೇಲಕ್ಕೆ ಎಳೆಯುತ್ತದೆ, ಹಿಂದೆ ಮೇಲೇರಿದಷ್ಟೂ ಮುಂದೆ ಕೆಳಗೆ ಜಾರುತ್ತದೆ. ಹೆಗಲ ಗೀರು, ಕತ್ತಿನ ಬಿಗಿತ, ಸಂಜೆಯ ಹೊತ್ತಿಗೆ ಬರುವ ಭುಜದ ನೋವು ಎಷ್ಟೋ ಮಂದಿಗೆ ಶುರುವಾಗುವುದು ಇಲ್ಲಿಂದಲೇ.

ಈಗ ಅಳತೆ. ಹೊಲಿಗೆಯ ಮೆತ್ತನೆ ಟೇಪು ಸಾಕು. ಪ್ಯಾಡ್ ಇರುವ ಬ್ರಾ ಬೇಡ, ತೆಳು ಬ್ರಾ ಇದ್ದರೆ ಸರಿ, ಏನೂ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಕನ್ನಡಿಯ ಮುಂದೆ ನಿಂತು ಸ್ತನದ ಬುಡದ ಕೆಳಗೆ ಟೇಪು ಸುತ್ತಿ. ಹಿಂದೆ ಬೆನ್ನ ಮೇಲೆ ಟೇಪು ನೆಲಕ್ಕೆ ಸಮಾನಾಂತರವಾಗಿದೆಯೇ ಎಂದು ಪಕ್ಕಕ್ಕೆ ತಿರುಗಿ ನೋಡಿ, ಅಲ್ಲಿ ಒಂದು ಇಂಚು ಜಾರಿದರೂ ಲೆಕ್ಕ ಕೆಡುತ್ತದೆ. ಉಸಿರು ಪೂರ್ತಿ ಬಿಟ್ಟು, ನೋವಾಗದಷ್ಟು ಬಿಗಿಯಾಗಿ ಹಿಡಿದು ಓದಿ. ಇದು ಕೆಳಸುತ್ತು. ಎರಡನೆಯದು ಎದೆಸುತ್ತು. ನಿಂತು ಅಳೆದರೆ ಸಾಲದು. ಜೋತ ಸ್ತನ ನಿಂತಾಗ ತನ್ನ ಪೂರ್ತಿ ಗಾತ್ರ ತೋರಿಸುವುದಿಲ್ಲ. ನಾಟಿ ಹಾಕುವಾಗ ಬಗ್ಗುತ್ತೀರಲ್ಲ, ಹಾಗೆ ಸೊಂಟದಿಂದ ಬಗ್ಗಿ, ತುಂಬಿದ ಭಾಗದ ಸುತ್ತ ಟೇಪನ್ನು ಮಾಂಸ ಒತ್ತದಂತೆ ಸಡಿಲವಾಗಿ ಹಿಡಿದು ಓದಿ. ನಿಂತೂ ಒಮ್ಮೆ ಓದಿ. ಎರಡರ ನಡುವಿನ ಅಂಕಿ ತೆಗೆದುಕೊಳ್ಳಿ. ಮುಟ್ಟಿನ ಹಿಂದಿನ ದಿನಗಳಲ್ಲಿ ಸ್ತನ ಊದಿಕೊಳ್ಳುವವರು ಆ ವಾರ ಬಿಟ್ಟು ಅಳೆಯುವುದು ಒಳ್ಳೆಯದು.

ಕಪ್ ಅಕ್ಷರದ ಲೆಕ್ಕ ಸರಳ. ಎದೆಸುತ್ತಿನಿಂದ ಪಟ್ಟಿಯ ಅಂಕಿ ಕಳೆಯಿರಿ. ಉಳಿದದ್ದು 1 ಇಂಚಾದರೆ ಎ, 2 ಆದರೆ ಬಿ, 3 ಸಿ, 4 ಡಿ, 5 ಡಿಡಿ, 6 ಇ. ಇಂಗ್ಲೆಂಡಿನ ಲೆಕ್ಕ ಇದು. ಡಿಗಿಂತ ಮೇಲಿನ ಅಕ್ಷರಗಳಲ್ಲಿ ದೇಶದಿಂದ ದೇಶಕ್ಕೆ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ. ನಿಜವಾದ ತೊಡಕು ಇರುವುದು ಪಟ್ಟಿಯ ಅಂಕಿ ಯಾವುದು ಎಂಬಲ್ಲಿ. ಒಂದು ಪದ್ಧತಿಯ ಪ್ರಕಾರ ಕೆಳಸುತ್ತೇ ಪಟ್ಟಿಯ ಅಂಕಿ. ಕೆಳಸುತ್ತು 30 ಇದ್ದರೆ ಪಟ್ಟಿ 30. ಇನ್ನೊಂದು ಹಳೆಯ ಪದ್ಧತಿಯಲ್ಲಿ ಕೆಳಸುತ್ತಿಗೆ 4 ಅಥವಾ 5 ಇಂಚು ಕೂಡಿಸುತ್ತಾರೆ, 30 ಇದ್ದರೆ 34 ಆಗುತ್ತದೆ. ನಮ್ಮಲ್ಲಿ ಡಬ್ಬಿಯ ಹಿಂದೆ ಮುದ್ರಿಸಿರುವ ಅಳತೆಯ ಕೋಷ್ಟಕಗಳಲ್ಲಿ ಕೂಡಿಸುವ ಪದ್ಧತಿಯೇ ಹೆಚ್ಚು ಕಾಣುತ್ತದೆ.

ಕೆಳಸುತ್ತು 30, ಎದೆಸುತ್ತು 36 ಇರುವವರನ್ನು ತೆಗೆದುಕೊಳ್ಳಿ. ಕೂಡಿಸುವ ಲೆಕ್ಕದಲ್ಲಿ ಪಟ್ಟಿ 34, ವ್ಯತ್ಯಾಸ 2, ಅಂದರೆ 34ಬಿ. ಕೂಡಿಸದ ಲೆಕ್ಕದಲ್ಲಿ ಪಟ್ಟಿ 30, ವ್ಯತ್ಯಾಸ 6, ಅಂದರೆ 30ಇ. ಒಬ್ಬಳೇ ಹೆಂಗಸು, ಒಂದೇ ಮೈ, ಒಂದೇ ದಿನ! 30ಇ ಎಂದು ಅಂಗಡಿಯಲ್ಲಿ ಕೇಳಿದರೆ ಸಿಗುವುದೂ ಇಲ್ಲ. ಇಲ್ಲಿ ಇನ್ನೊಂದು ಸಂಗತಿ ಗೊತ್ತಿರಬೇಕು. ಕಪ್ಪಿನ ಅಕ್ಷರಕ್ಕೆ ತನ್ನದೇ ಆದ ಗಾತ್ರವಿಲ್ಲ. 38ರ ಬಿ ಕಪ್ಪು 32ರ ಬಿ ಕಪ್ಪಿಗಿಂತ ಸಾಕಷ್ಟು ದೊಡ್ಡದು. ಪಟ್ಟಿ ಒಂದು ಸೈಜು ಹೆಚ್ಚಿಸಿ ಅಕ್ಷರ ಒಂದು ಇಳಿಸಿದರೆ ಕಪ್ಪಿನ ಗಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. 30ಇ, 32ಡಿಡಿ, 34ಡಿ, 36ಸಿ ಇವೆಲ್ಲ ಅಕ್ಕತಂಗಿ ಸೈಜುಗಳು. ಹಾಗಾದರೆ ಎರಡು ಲೆಕ್ಕಗಳ ನಡುವಿನ ಜಗಳವೆಂದರೆ 34ಬಿಯೋ 34ಡಿಯೋ ಎಂಬುದು, ಪೂರಾ ಎರಡು ಕಪ್ಪಿನ ಅಂತರ. ನಡುವಿನಿಂದ ಶುರು ಮಾಡಿ ಎಂಬುದು ನಮ್ಮ ಸಲಹೆ. ಈ ಅಳತೆಯವರು 34ಸಿ ಮತ್ತು ಅದರ ತಂಗಿ 32ಡಿ ಎರಡನ್ನೂ ತರಿಸಿ ಹಾಕಿ ನೋಡಿ, ಅಲ್ಲಿಂದ ಮೇಲೋ ಕೆಳಗೋ ಹೋಗಬೇಕು. ಟೇಪು ನಿಮ್ಮನ್ನು ಬಾಗಿಲವರೆಗೆ ತಂದು ಬಿಡುತ್ತದೆ, ಅಲ್ಲಿಂದ ಮುಂದಿನದನ್ನು ಹಾಕಿ ನೋಡಿಯೇ ತೀರ್ಮಾನಿಸಬೇಕು.

ಕೂಡಿಸುವ ಪದ್ಧತಿ ಮೂರ್ಖತನದಿಂದ ಹುಟ್ಟಿದ್ದಲ್ಲ. ಹಿಂದೆ ಪಟ್ಟಿಗಳು ಎಳೆದರೆ ಬಾರದ ನೇಯ್ದ ಬಟ್ಟೆಯವು, ಉಸಿರಾಡಲು ಜಾಗ ಬಿಡಲೇಬೇಕಿತ್ತು. ಎ, ಬಿ, ಸಿ, ಡಿ ಅಕ್ಷರಗಳನ್ನು ಅಮೆರಿಕದ ಎಸ್.ಎಚ್. ಕ್ಯಾಂಪ್ ಕಂಪನಿ ಬಳಕೆಗೆ ತಂದದ್ದು 1932ರಲ್ಲಿ. ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಇವತ್ತು ಲೈಕ್ರಾ ಎಂದು ನಮಗೆ ಗೊತ್ತಿರುವ ಹಿಗ್ಗುವ ನೂಲನ್ನು ರೂಪಿಸಿದ್ದು 1958ರಲ್ಲಿ. ಪಟ್ಟಿ ಹಿಗ್ಗತೊಡಗಿದ ಮೇಲೂ ಕೂಡಿಸುವ ಅಭ್ಯಾಸ ಉಳಿದುಕೊಂಡಿತು. ಕೆಲವು ಕಂಪನಿಗಳು ಪಟ್ಟಿಯನ್ನು ಅದಕ್ಕೆ ತಕ್ಕಂತೆ ಚಿಕ್ಕದಾಗಿಯೇ ಹೊಲಿಯುತ್ತವೆ. ಕೆಲವು ಡಬ್ಬಿಗಳ ಮೇಲೆ 34ರ ಪಕ್ಕ 75 ಎಂದು ಇರುವುದನ್ನು ನೋಡಿರುತ್ತೀರಿ, ಅದು ಯುರೋಪಿನ ಅಂಕಿ. 75 ಸೆಂಟಿಮೀಟರ್ ಕೆಳಸುತ್ತು, ಅಂದರೆ ಸುಮಾರು 29½ ಇಂಚು. 34 ಎಂಬ ಹೆಸರಿನ ಪಟ್ಟಿ ಅಲ್ಲಿ 29-30 ಇಂಚಿನವರಿಗೆ ಮಾಡಿದ್ದು. ಬೇರೆ ಕಂಪನಿಯ 34 ಹಾಗಿರಬೇಕಿಲ್ಲ.

ಆದ್ದರಿಂದ ನಂಬರು ಬಿಟ್ಟು ಪಟ್ಟಿಯನ್ನೇ ಅಳೆಯಿರಿ. ಬ್ರಾವನ್ನು ಮೇಜಿನ ಮೇಲೆ ಹರಡಿ. ಹುಕ್ಕಿನ ತುದಿಯಿಂದ ಹೊರಗಿನ ಲೂಪಿನವರೆಗೆ ಪಟ್ಟಿಯನ್ನು ಟೇಪಿನ ಜೊತೆ ಹಿಡಿದು, ಬಲ ಹಾಕಿ ಪೂರ್ತಿ ಎಳೆಯಿರಿ. ನಿಮ್ಮ ಕೆಳಸುತ್ತು 30 ಇದ್ದರೆ, ಎಳೆದಾಗ 31ರಿಂದ 32ಕ್ಕೆ ನಿಲ್ಲುವ ಪಟ್ಟಿ ಬೇಕು. ಸಲೀಸಾಗಿ 36ರವರೆಗೆ ಹೋದರೆ ಡಬ್ಬಿಯ ಮೇಲೆ ಏನೇ ಬರೆದಿರಲಿ, ಅದು ಮೂರೇ ತಿಂಗಳಲ್ಲಿ ಬೆನ್ನೇರುತ್ತದೆ. ಅಂಗಡಿಯ ಗಲ್ಲಾದ ಮುಂದೆಯೇ ಇದನ್ನು ಮಾಡಬಹುದು, ಟ್ರಯಲ್ ರೂಮೂ ಬೇಡ. ನಮ್ಮ ಜಿಲ್ಲೆಯಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ದಿನವಿಡೀ ಕಾಲಿಂಚಿನ ಲೆಕ್ಕದಲ್ಲಿ ಬಟ್ಟೆ ಹೊಲಿಯುತ್ತಾರೆ. ಆ ಕಣ್ಣನ್ನೇ ತಮಗೆ ಕೊಳ್ಳುವ ಬ್ರಾದ ಮೇಲೂ ಇಡಬೇಕೆಂದು ಅವರನ್ನು ವಿಶೇಷವಾಗಿ ಕೇಳಿಕೊಳ್ಳುತ್ತೇವೆ.

"ನಾವು ಕೇಳಿದ ಸೈಜೇ ಇಡೋದಿಲ್ಲ" ಎಂಬ ದೂರು ಸರಿಯಾದದ್ದೇ. ಅಂಗಡಿಯವರ ಲೆಕ್ಕವನ್ನೂ ನೋಡಿ. 28ರಿಂದ 40ರವರೆಗೆ ಪಟ್ಟಿ 7 ಬಗೆ, ಎಯಿಂದ ಇವರೆಗೆ ಕಪ್ಪು 6 ಬಗೆ, ಒಟ್ಟು 42 ಸೈಜು. ಮೂರು ಬಣ್ಣವೆಂದರೆ 126. ಒಂದೊಂದರಲ್ಲಿ ಎರಡೆರಡು ಇಟ್ಟರೂ ಒಂದೇ ಮಾದರಿಗೆ 252 ಡಬ್ಬಿ. ಹತ್ತಡಿಯ ಅಂಗಡಿಯಲ್ಲಿ ಅದು ಆಗದ ಮಾತು. ಆದ್ದರಿಂದ 32, 34, 36, 38 ಎಲ್ಲದರಲ್ಲೂ ಬಿ ಕಪ್ಪು ತರಿಸಿಟ್ಟು, ಬಂದವರಿಗೆ ಅದರಲ್ಲೇ ಹೊಂದಿಸುತ್ತಾರೆ. ಡಿ ಬೇಕಾದವಳಿಗೆ ಕಪ್ಪು ಸಾಲದೆ ಹೋದಾಗ ದೊಡ್ಡ ಪಟ್ಟಿಯ ಬಿ ಕೊಡುತ್ತಾರೆ. ಕಪ್ಪೇನೋ ಹಿಡಿಸುತ್ತದೆ, ಪಟ್ಟಿ ಸಡಿಲವಾಗುತ್ತದೆ. 34ಡಿ ಬೇಕಿದ್ದವಳು 38ಬಿ ಹಾಕಿಕೊಂಡು ತಿರುಗುವುದು ಹೀಗೆ. ಅಂಗಡಿಯಲ್ಲಿ ಕಪ್ಪಿನ ಅಕ್ಷರ ಹೇಳಿ ಕೇಳುವವರು ಹೆಚ್ಚಾದಂತೆ ಅವರೂ ತರಿಸುತ್ತಾರೆ. ಕೇಳದ ಸೈಜನ್ನು ಯಾರೂ ತಂದಿಡುವುದಿಲ್ಲ. ಟ್ರಯಲ್ ರೂಮ್ ಇಲ್ಲದ ಕಡೆ ದುಡ್ಡು ಕೊಡುವ ಮೊದಲೇ "ಹೊಂದದಿದ್ದರೆ ಬದಲಾಯಿಸಿ ಕೊಡ್ತೀರಾ?" ಎಂದು ಕೇಳಿ. ವಾರದ ದಿನ ಬೆಳಗ್ಗೆ ಹೊತ್ತು ಅಂಗಡಿ ಖಾಲಿ ಇರುತ್ತದೆ, ಹೆಂಗಸರು ಕೆಲಸಕ್ಕಿರುವ ಅಂಗಡಿಯಾದರೆ ಮಾತು ಸಲೀಸು. ಮನೆಯಲ್ಲಿ ತೆಳು ಸ್ಲಿಪ್ಪಿನ ಮೇಲೆ ಹಾಕಿ ನೋಡಿ, ಚೀಟಿ ಕೀಳಬೇಡಿ. ಆನ್‌ಲೈನಿನಲ್ಲಿ ತರಿಸುವವರು ಒಳ ಉಡುಪಿಗೆ ವಾಪಸಾತಿ ಇದೆಯೇ ಎಂದು ಮೊದಲು ಓದಿಕೊಳ್ಳಿ, ಬಹಳ ಕಡೆ ಇರುವುದಿಲ್ಲ.

ಹಾಕಿ ನೋಡುವ ಕ್ರಮಕ್ಕೆ ಬರೋಣ. ಇದರಲ್ಲೇ ಹೆಚ್ಚಿನ ತಪ್ಪುಗಳಾಗುವುದು. ಹೊಸ ಬ್ರಾವನ್ನು ಯಾವಾಗಲೂ ಹೊರಗಿನ, ಅಂದರೆ ಅತಿ ಸಡಿಲದ ಲೂಪಿಗೆ ಹಾಕಿ ಪರೀಕ್ಷಿಸಬೇಕು. ಒಳಗಿನ ಲೂಪುಗಳು ಮುಂದೆ ಎಲಾಸ್ಟಿಕ್ ಹಿಗ್ಗಿದಾಗ ಬೇಕಾಗುತ್ತವೆ. ಹೊಸದರಲ್ಲೇ ಒಳಗಿನ ಲೂಪಿಗೆ ಹೋಗಬೇಕಾಗಿ ಬಂದರೆ ಪಟ್ಟಿ ದೊಡ್ಡದು. ಹುಕ್ಕು ಹಾಕಿದ ಮೇಲೆ ಮುಂದಕ್ಕೆ ಬಗ್ಗಿ, ಒಂದೊಂದೇ ಕಪ್ಪಿನೊಳಗೆ ಕೈ ಹಾಕಿ, ಕಂಕುಳ ಕಡೆ ಸರಿದಿರುವ ಮಾಂಸವನ್ನು ಮುಂದಕ್ಕೆ ತಂದು ಕೂರಿಸಿ. ಬಹಳ ಮಂದಿ ಈ ಹೆಜ್ಜೆಯನ್ನೇ ಬಿಡುತ್ತಾರೆ. ಬಿಟ್ಟರೆ ಚಿಕ್ಕ ಕಪ್ಪೂ ಸರಿಯಾಗಿದೆ ಎಂಬ ಭ್ರಮೆ ಬರುತ್ತದೆ, ಕಂಕುಳ ಪಕ್ಕದ ಉಬ್ಬು ಬೊಜ್ಜೆಂದು ತೋರುತ್ತದೆ. ಆಮೇಲೆ ಸ್ಟ್ರಾಪುಗಳನ್ನು ಒಂದೊಂದಾಗಿ ಹೊಂದಿಸಿ. ಎರಡೂ ಹೆಗಲು ಒಂದೇ ಎತ್ತರ ಇರಬೇಕಿಲ್ಲ, ಎರಡು ಸ್ತನವೂ ಒಂದೇ ಗಾತ್ರ ಇರಬೇಕಿಲ್ಲ. ಸ್ವಲ್ಪ ವ್ಯತ್ಯಾಸ ಸಹಜ, ದೊಡ್ಡದಕ್ಕೆ ಕಪ್ಪು ಹೊಂದಿಸಿ ಇನ್ನೊಂದರ ಸ್ಟ್ರಾಪು ಬಿಗಿ ಮಾಡಿ.

ಕನ್ನಡಿಯಲ್ಲಿ ಪಕ್ಕಕ್ಕೆ ನಿಂತು ನೋಡಿದರೆ ಪಟ್ಟಿ ಮುಂದೆ ಹಿಂದೆ ಒಂದೇ ಮಟ್ಟದಲ್ಲಿರಬೇಕು. ಬೆನ್ನ ಮೇಲೆ ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ಎರಡು ಕಪ್ಪಿನ ನಡುವಿನ ತುಂಡು, ತಂತಿ ಇರುವ ಬ್ರಾದಲ್ಲಿ, ಎದೆಮೂಳೆಗೆ ಚಪ್ಪಟೆಯಾಗಿ ತಾಗಬೇಕು. ಅದು ಎದ್ದು ನಿಂತಿದ್ದರೆ ಬಹುಪಾಲು ಕಪ್ಪು ಚಿಕ್ಕದು: ಸ್ತನಕ್ಕೆ ಜಾಗ ಸಾಲದೆ ಅದು ಇಡೀ ಬ್ರಾವನ್ನು ಮುಂದಕ್ಕೆ ತಳ್ಳುತ್ತಿದೆ. ತಂತಿಯ ತುದಿ ಕಂಕುಳ ಕಡೆ ಮಾಂಸದ ಮೇಲೆ ಕೂತಿದ್ದರೂ ಅದೇ ಅರ್ಥ, ತಂತಿ ಪಕ್ಕೆಲುಬಿನ ಮೇಲೆ ಕೂರಬೇಕು. ಕಪ್ಪಿನ ಮೇಲಂಚಿನಲ್ಲಿ ಮಾಂಸ ಉಕ್ಕಿ ಎರಡು ಮಡಿಕೆಯಾಗಿ ಕಂಡರೆ ಅದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನು "ಉಸಿರು ಕಟ್ಟುತ್ತೆ, ಪಟ್ಟಿ ಬಿಗಿ" ಎನಿಸಿದಾಗ ಕೂಡಲೇ ದೊಡ್ಡ ಪಟ್ಟಿಗೆ ಹೋಗಬೇಡಿ. ಬ್ರಾವನ್ನು ತಿರುಗಿಸಿ, ಕಪ್ಪು ಬೆನ್ನ ಕಡೆ ಬರುವಂತೆ ಹುಕ್ಕು ಹಾಕಿ ನೋಡಿ. ಹಾಗೆ ಹಾಕಿದಾಗ ಪಟ್ಟಿ ಹಿತವಾಗಿದ್ದು, ಸರಿಯಾಗಿ ಹಾಕಿದಾಗ ಬಿಗಿಯೆನಿಸಿದರೆ ಪಟ್ಟಿ ಸರಿಯಿದೆ, ಕಪ್ಪು ಚಿಕ್ಕದು. ಈ ಒಂದು ಪರೀಕ್ಷೆ ಗೊತ್ತಿದ್ದರೆ ಎಷ್ಟೋ ದುಡ್ಡು ಉಳಿಯುತ್ತದೆ.

ಕಪ್ಪು ಮೇಲ್ಗಡೆ ಬಿಟ್ಟುಕೊಂಡರೆ ಅದು ದೊಡ್ಡದೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಯಾವಾಗಲೂ ಹಾಗಿರುವುದಿಲ್ಲ. ಅಚ್ಚಿನಲ್ಲಿ ಒತ್ತಿದ ಸ್ಪಂಜಿನ ಕಪ್ಪಿಗೆ ತನ್ನದೇ ಆಕಾರವಿದೆ, ನಿಮ್ಮದಕ್ಕೆ ಅದು ಬಗ್ಗುವುದಿಲ್ಲ. ಹಾಲೂಡಿಸಿದ ಮೇಲೆ, ವಯಸ್ಸಾದ ಮೇಲೆ ಸ್ತನದ ಮೇಲ್ಭಾಗ ಇಳಿದು ಕೆಳಭಾಗ ತುಂಬಿರುತ್ತದೆ. ಅಂಥವರಿಗೆ ಎರಡು ಮೂರು ತುಂಡು ಜೋಡಿಸಿ ಹೊಲಿದ, ಸ್ಪಂಜಿಲ್ಲದ ಕಪ್ಪು ಚೆನ್ನಾಗಿ ಕೂರುತ್ತದೆ. ರವಿಕೆಯಲ್ಲಿ ಟಕ್ಸ್ ಹಿಡಿದರೆ ಬಟ್ಟೆ ಹೇಗೆ ಮುಂದಕ್ಕೆ ಉಬ್ಬುತ್ತದೋ ಆ ಹೊಲಿಗೆಗಳೂ ಅದೇ ಕೆಲಸ ಮಾಡುತ್ತವೆ. ಅಚ್ಚಿನ ಕಪ್ಪಿನ ಟಿ-ಶರ್ಟ್ ಬ್ರಾ ನುಣ್ಣಗೆ ಕಾಣುತ್ತದೆಂದು ಎಲ್ಲರೂ ಅದನ್ನೇ ಆರಿಸುವುದು ನಮಗೆ ಸರಿ ಕಾಣುವುದಿಲ್ಲ.

ಹಾಕಿಕೊಂಡು ಸುಮ್ಮನೆ ನಿಂತು ನೋಡಿದರೂ ಸಾಲದು. ಎರಡೂ ಕೈ ತಲೆಯ ಮೇಲೆತ್ತಿ, ಹೊರೆ ಹೊತ್ತವರಂತೆ. ಬಗ್ಗಿ, ಏಳಿ. ನೆಲದ ಮೇಲೆ ಕೂತು ನೋಡಿ, ಕೂತಾಗ ಪಕ್ಕೆ ಅಗಲವಾಗುತ್ತದೆ. ಕೈ ಎತ್ತಿದಾಗ ಪಟ್ಟಿ ಸ್ತನದ ಮೇಲೆ ಹತ್ತಿದರೆ ಗದ್ದೆಯಲ್ಲೋ ಆಲೆಮನೆಯಲ್ಲೋ ದಿನವಿಡೀ ಅದನ್ನು ಎಳೆದುಕೊಳ್ಳುವುದೇ ಕೆಲಸವಾಗುತ್ತದೆ. ಸ್ಟ್ರಾಪು ಪದೇ ಪದೇ ಜಾರುವವರು ಮೊದಲು ಪಟ್ಟಿ ನೋಡಿಕೊಳ್ಳಿ. ಅದು ಸರಿಯಿದ್ದೂ ಜಾರಿದರೆ ಇಳಿಜಾರು ಹೆಗಲು ಕಾರಣ. ರವಿಕೆಯ ಹೆಗಲ ಹೊಲಿಗೆಗೆ ಒಳಗಿನಿಂದ ಎರಡು ಇಂಚಿನ ಟೇಪು ಹೊಲಿಸಿ, ತುದಿಗೆ ಪ್ರೆಸ್ ಬಟನ್ ಹಾಕಿಸಿದರೆ ಸ್ಟ್ರಾಪು ಅದರೊಳಗೆ ನಿಲ್ಲುತ್ತದೆ, ಯಾವ ದರ್ಜಿಗೂ ಇದು ಐದು ನಿಮಿಷದ ಕೆಲಸ. ಇನ್ನೊಂದು ಮಾತು: ಬ್ರಾ ಬದಲಾದರೆ ಸ್ತನದ ತುದಿ ಅರ್ಧ ಇಂಚು, ಒಂದು ಇಂಚು ಮೇಲೇರುತ್ತದೆ. ಹಳೆಯ ಅಳತೆ ರವಿಕೆ ಕೊಟ್ಟು ಹೊಲಿಸಿದರೆ ಟಕ್ಸ್ ಕೆಳಗೆ ಬೀಳುತ್ತದೆ. ಹೊಸ ಬ್ರಾ ಹಾಕಿಕೊಂಡೇ ಹೊಸದಾಗಿ ಅಳತೆ ಕೊಡಿ.

ಬೇಸಿಗೆಯಲ್ಲಿ ಸ್ತನದ ಕೆಳಗೆ ಕೆಂಪಗೆ ಬೊಕ್ಕೆಯೆದ್ದು ತುರಿಸುವುದು ನಮ್ಮ ಕಡೆ ಬಹಳ. ಚರ್ಮಕ್ಕೆ ಚರ್ಮ ತಾಗಿ, ಬೆವರು ನಿಂತು, ಅಲ್ಲಿ ಬೂಷ್ಟು ಬೆಳೆಯುತ್ತದೆ. ಸಡಿಲ ಪಟ್ಟಿಯ ಬ್ರಾ ಸ್ತನವನ್ನು ಎತ್ತಿ ಹಿಡಿಯದೇ ಇದ್ದರೆ ಇದು ಹೆಚ್ಚು. ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೇ ಬ್ರಾ ಹಾಕಿ. ಕೆಲಸದ ನಡುವೆ ಮಡಿಕೆಯಲ್ಲಿ ಮೆತ್ತನೆ ಹತ್ತಿ ಬಟ್ಟೆಯ ಪಟ್ಟಿ ಇಟ್ಟು, ಒದ್ದೆಯಾದಾಗ ಬದಲಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆಸಿದ ಮುಲಾಮು ಹಚ್ಚಬೇಡಿ. ಎರಡು ದಿನ ತುರಿಕೆ ನಿಂತು, ಆಮೇಲೆ ದುಪ್ಪಟ್ಟಾಗಿ ಹರಡುತ್ತದೆ, ಚರ್ಮವೂ ತೆಳ್ಳಗಾಗುತ್ತದೆ.

ಒಗೆಯುವ, ಒಣಗಿಸುವ ವಿಚಾರವೂ ಇದಕ್ಕೆ ಸೇರಿದ್ದೇ. ಬಟ್ಟೆ ಒಣಹಾಕುವ ತಂತಿಯ ಮೇಲೆ ಬ್ರಾ ಕಾಣಬಾರದೆಂದು ಅದರ ಮೇಲೆ ಸೀರೆಯನ್ನೋ ಟವೆಲ್ಲನ್ನೋ ಹೊದಿಸುತ್ತೇವೆ. ಗಾಳಿಯಾಡದೆ ಅದು ಸಂಜೆಗೂ ಹಸಿಯಾಗಿಯೇ ಇರುತ್ತದೆ, ಅದನ್ನೇ ಬೆಳಗ್ಗೆ ಹಾಕಿಕೊಳ್ಳುತ್ತೇವೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಬಟ್ಟೆಗೆ ನಾಚಿಕೆ ಏಕೆ? ನೆರಳಿನಲ್ಲಿ, ಗಾಳಿಗೆ ತೆರೆದು ಒಣಗಿಸಿ. ಸ್ಟ್ರಾಪಿನಿಂದ ನೇತುಹಾಕಿದರೆ ನೀರಿನ ಭಾರಕ್ಕೆ ಸ್ಟ್ರಾಪು ಉದ್ದವಾಗುತ್ತದೆ, ನಡುವಿನಿಂದ ಹಾಕಿ. ಬಿಸಿನೀರು ಮತ್ತು ಬ್ಲೀಚಿಂಗ್ ಪುಡಿ ಹಿಗ್ಗುವ ನೂಲನ್ನು ಸಾಯಿಸುತ್ತವೆ. ತಣ್ಣೀರು, ಸಾಧಾರಣ ಸೋಪು, ಹಿಂಡದೆ ಒತ್ತಿ ನೀರು ತೆಗೆಯುವುದು, ಇಷ್ಟು ಸಾಕು. ಮೆಷಿನ್‌ಗೆ ಹಾಕಲೇಬೇಕೆಂದರೆ ಹುಕ್ಕು ಹಾಕಿ ಬಲೆಚೀಲದಲ್ಲಿಡಿ. ಮೂರು ಬ್ರಾ ಇಟ್ಟುಕೊಂಡು ಸರದಿಯಲ್ಲಿ ಹಾಕಿದರೆ ಎಲಾಸ್ಟಿಕ್ಕಿಗೆ ಮರಳಿ ಕುಗ್ಗಲು ಸಮಯ ಸಿಗುತ್ತದೆ. ಒಳಗಿನ ಲೂಪಿಗೆ ಹಾಕಿದರೂ ಪಟ್ಟಿ ಮೇಲೇರತೊಡಗಿದರೆ ಅದರ ಆಯಸ್ಸು ಮುಗಿಯಿತು.

ಉಪನ್ಯಾಸದ ನಂತರ ಬಂದ ಕೆಲವು ಪ್ರಶ್ನೆಗಳಿಗೆ ಉತ್ತರ.

ತಂತಿ ಇರುವ ಬ್ರಾದಿಂದ ಕ್ಯಾನ್ಸರ್ ಬರುತ್ತದೆಯೇ? ಇಲ್ಲ. ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರಾ ಧರಿಸುವುದಕ್ಕೂ ಸ್ತನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಆದರೆ ಗಂಟು, ಒಂದೇ ಕಡೆ ಬಿಡದ ನೋವು, ಚರ್ಮ ಒಳಕ್ಕೆ ಎಳೆದುಕೊಂಡಂತಿರುವುದು, ತೊಟ್ಟಿನಿಂದ ರಕ್ತ ಬರುವುದು ಇವನ್ನು "ಬ್ರಾ ಬಿಗಿಯಾಗಿತ್ತು" ಎಂದು ತಳ್ಳಿಹಾಕಬೇಡಿ. ಮಂಡ್ಯದ ಮಿಮ್ಸ್ (ವೈದ್ಯಕೀಯ ಕಾಲೇಜಿನ ಆಸ್ಪತ್ರೆ) ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಿ ತೋರಿಸಿ.

ಮಗಳಿಗೆ ಯಾವಾಗ, ಎಂಥದ್ದು? 8ರಿಂದ 13 ವರ್ಷದೊಳಗೆ ಬೆಳವಣಿಗೆ ಶುರುವಾಗುತ್ತದೆ. ಅವಳಿಗೆ ಉಜ್ಜಿದಂತಾಗುವಾಗ, ಆಟಕ್ಕೆ ಅಡ್ಡಿಯಾಗುವಾಗ ಮೆತ್ತನೆ ಹತ್ತಿಯದು, ತಂತಿ ಸ್ಪಂಜು ಇಲ್ಲದ್ದು ಸಾಕು. ಬೆಳೆಯುವ ಹುಡುಗಿಯೆಂದು ದೊಡ್ಡದು ತರಬೇಡಿ, ಆರು ತಿಂಗಳಿಗೊಮ್ಮೆ ಅಳೆಯಿರಿ. ಕಬಡ್ಡಿ, ಓಟ ಇದ್ದರೆ ಸ್ಪೋರ್ಟ್ಸ್ ಬ್ರಾ ಕೊಡಿಸಿ, ಅದಿಲ್ಲದೆ ಆಟ ಬಿಡುವ ಹುಡುಗಿಯರಿದ್ದಾರೆ.

ಬಸುರಿಯರಿಗೆ? ಎಂಟನೇ ತಿಂಗಳಲ್ಲಿ ಹಾಲೂಡಿಸುವ ಬ್ರಾ ಕೊಳ್ಳುವಾಗ ಹೊರಗಿನ ಲೂಪಿಗೆ ಹಿತವಾಗಿರುವುದನ್ನು ಆರಿಸಿ. ಹೆರಿಗೆಯ ನಂತರ ಪಕ್ಕೆ ಇಳಿದಾಗ ಒಳಗಿನ ಲೂಪಿಗೆ ಹೋಗಬಹುದು. ಹಾಲು ಇಳಿದಾಗ ಸ್ತನ ತುಂಬುವುದರಿಂದ ಕಪ್ಪಿನಲ್ಲಿ ಸ್ವಲ್ಪ ಜಾಗ ಬಿಡಿ. ಒಂದೇ ಕಡೆ ಒತ್ತುವ ಅಂಚು ಹಾಲು ಕಟ್ಟಿಕೊಳ್ಳಲು ದಾರಿಯಾಗುತ್ತದೆ.

ಕಪ್ಪು ಸರಿಯಿದೆ, ಪಟ್ಟಿ ಮಾತ್ರ ದೊಡ್ಡದು, ನಮ್ಮೂರಲ್ಲಿ ಬೇರೆ ಸಿಗುವುದಿಲ್ಲ, ಏನು ಮಾಡಲಿ? ಹೊಲಿಗೆ ಬರುವವರು ಮನೆಯಲ್ಲೇ ಸರಿಮಾಡಬಹುದು. ಹುಕ್ಕಿನ ತುಂಡು, ಲೂಪಿನ ತುಂಡು ಎರಡನ್ನೂ ಬಿಚ್ಚಿ, ಎರಡೂ ಕಡೆ ಪಟ್ಟಿಯಿಂದ ಮುಕ್ಕಾಲು ಇಂಚು ಕತ್ತರಿಸಿ, ಮತ್ತೆ ಕೂರಿಸಿ ಜಿಗ್‌ಜಾಗ್ ಹೊಲಿಗೆ ಹಾಕಿ. ನೇರ ಹೊಲಿಗೆ ಹಾಕಿದರೆ ಪಟ್ಟಿ ಹಿಗ್ಗಿದಾಗ ದಾರ ತುಂಡಾಗುತ್ತದೆ. ಒಟ್ಟು ಒಂದೂವರೆ ಇಂಚಿಗಿಂತ ಹೆಚ್ಚು ಕತ್ತರಿಸಬೇಡಿ, ಆಮೇಲೆ ಪಟ್ಟಿಯ ಎಳೆತಕ್ಕೆ ಕಪ್ಪುಗಳು ಪಕ್ಕಕ್ಕೆ ಸರಿದು ತಂತಿ ಕಂಕುಳಿಗೆ ಚುಚ್ಚತೊಡಗುತ್ತದೆ.